ಗ್ರಂಥಋಣ, ರಮ್ಮಿ ಇತ್ಯಾದಿ

ನಮ್ಮ ಅತ್ತೆ ಇಸ್ಕೂಲಿಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಆದರೆ ಆಕರ ಕೊಡುವುದರಲ್ಲಿ ಅವರನ್ನು ಮೀರಿಸುವ ಸಂಶೋಧಕರನ್ನು ನಾನಿನ್ನೂ ನೋಡಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ತೊಳೆದ ಕ್ಯಾನನ್ನು ಹಿತ್ತಿಲ ಕಲ್ಲಿನ ಮೇಲೆ ಬೋರಲು ಹಾಕುತ್ತಾ ಅವರು ತಂದ ಸುದ್ದಿಯನ್ನು ಹೀಗೆ ಒಪ್ಪಿಸುತ್ತಾರೆ: “ಮೇಗಳಮನೆ ಹುಡುಗಿಗೆ ಗಂಡು ಗೊತ್ತಾಯ್ತಂತೆ. ಡೈರಿ ಹತ್ರ ರಾಜಮ್ಮ ಹೇಳಿದ್ಲು. ಅವಳಿಗೆ ಅವಳ ತಮ್ಮನ ಹೆಂಡ್ತಿ ನೆನ್ನೆ ರಾತ್ರಿ ಫೋನ್ ಮಾಡಿದ್ಲಂತೆ. ನಾನೇನು ಕಣ್ಣಾರೆ ಕಂಡಿಲ್ಲ ಕಣವ್ವ.”

ಇದರಲ್ಲಿ ಏನು ಕಡಿಮೆಯಾಗಿದೆ ಹೇಳಿ. ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಎಲ್ಲಿ, ಯಾವಾಗ, ತಾನು ಕಂಡದ್ದೋ ಕೇಳಿದ್ದೋ, ಎಲ್ಲವೂ ಇದೆ. ರಾಜಮ್ಮನ ತಮ್ಮನ ಹೆಂಡತಿ ಪ್ರಾಥಮಿಕ ಆಕರ, ರಾಜಮ್ಮ ಆನುಷಂಗಿಕ ಆಕರ. ಕೊನೆಯ ವಾಕ್ಯವಂತೂ ಸಂಶೋಧನೆಯ ಮಿತಿಗಳು ಎಂಬ ಅಧ್ಯಾಯ. ಇಷ್ಟನ್ನೂ ಹೊತ್ತು ನಿಂತಿರುವುದು ‘ಅಂತೆ’ ಎಂಬ ಎರಡಕ್ಷರ. ‘ಮಳೆ ಬಂತು’ ಅಂದರೆ ನೆನೆದವಳು ನಾನು; ‘ಮಳೆ ಬಂತಂತೆ’ ಅಂದರೆ ನೆನೆದವರು ಬೇರೆ ಯಾರೋ, ನನ್ನ ಸೀರೆ ಒಣಗಿಯೇ ಇದೆ. ಅಡಿಟಿಪ್ಪಣಿಯನ್ನು ಕ್ರಿಯಾಪದದ ಬಾಲಕ್ಕೇ ಕಟ್ಟಿಟ್ಟಿರುವ ಭಾಷೆ ನಮ್ಮದು. ಇಂಥ ಭಾಷೆಯಲ್ಲಿ ಹುಟ್ಟಿದ ಮಕ್ಕಳು ಎಂ.ಎ.ಗೆ ಬಂದು ಕಿರುಪ್ರಬಂಧ ಬರೆದು, ಕೊನೆಯ ಪುಟದಲ್ಲಿ ‘ಆಕರ: ಗೂಗಲ್’ ಎಂದು ಬರೆದುಕೊಂಡು ಬಂದರೆ ನನಗೆ ಹೇಗಾಗಬೇಡ?

“ಗೂಗಲ್ ಅನ್ನೋದು ಅಂಚೆಯವನಪ್ಪ, ಕಾಗದ ಬರೆದವನಲ್ಲ,” ಎಂದೆ ಒಬ್ಬ ಹುಡುಗನಿಗೆ.

“ಆದ್ರೆ ಅಲ್ಲೇ ಸಿಕ್ಕಿದ್ದು ಮೇಡಂ.”

ನಿಜ, ಅಲ್ಲೇ ಸಿಕ್ಕಿದ್ದು. ಡೈರಿ ಹತ್ತಿರ ಸಿಕ್ಕಿತು ಎಂದಷ್ಟೇ ಹೇಳಿದ ಹಾಗಾಯಿತು. ರಾಜಮ್ಮ ಎಲ್ಲಿ?

ಬೇರೆ ಕೆಲವರು ಗೂಗಲ್‌ಗಿಂತ ಒಂದು ಮೆಟ್ಟಿಲು ಮೇಲಿರುತ್ತಾರೆ. ಅವರು ‘ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ’ ಎಂದು ಬರೆಯುತ್ತಾರೆ. ಯಾವ ವಿದ್ವಾಂಸರು, ಎಷ್ಟು ಜನ, ಎಲ್ಲಿ ಸೇರಿ ಅಭಿಪ್ರಾಯಪಟ್ಟರು, ಕೇಳಬಾರದು. ವಾಟ್ಸಾಪ್‌ನಲ್ಲಿ ಬಂದ ನಾಲ್ಕು ಸಾಲಿನ ಕೆಳಗೆ ದೊಡ್ಡ ಕವಿಯೊಬ್ಬರ ಹೆಸರಿದ್ದರೆ ಅದು ಅವರದೇ ಎಂದು ನಂಬಿ ಪ್ರಬಂಧಕ್ಕೆ ಹಾಕಿಕೊಂಡವರೂ ಇದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆ ಇರುವುದು ಗೋಡೆಗೆ ಬರೆಯುವುದಕ್ಕೆ ಮಾತ್ರ.

ಇಷ್ಟೆಲ್ಲ ಹೇಳುವ ನಾನು ಸಾಚಾ ಎಂದುಕೊಳ್ಳಬೇಡಿ. ನನ್ನ ಪಿಎಚ್‌.ಡಿ. ಬೀಸುವ ಪದಗಳ ಮೇಲೆ. ಮಹಾಪ್ರಬಂಧ ಒಪ್ಪಿಸಿದ್ದು 2017ರಲ್ಲಿ, ಮೌಖಿಕ ಪರೀಕ್ಷೆ ನಡೆದದ್ದು ಮರುವರ್ಷ. ವಿಭಾಗದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು, ಹಿಂದಿನ ಸಾಲಿನಲ್ಲಿ ನಮ್ಮ ಮನೆಯವರು, ಬಾಗಿಲ ಹತ್ತಿರ ಉಪ್ಪಿಟ್ಟು-ಕೇಸರಿಭಾತಿನ ಪಾತ್ರೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಮೆಲುಮಾತಿನವರು. ಪುಟ ತಿರುವುತ್ತಾ ತಿರುವುತ್ತಾ ಮೂರನೇ ಅಧ್ಯಾಯಕ್ಕೆ ಬಂದು ನಿಂತರು. ಅಲ್ಲಿ ನಾಲ್ಕು ಸಾಲಿನ ಒಂದು ಪದವಿತ್ತು. ಬೀಸುವ ಕಲ್ಲನ್ನು ತಂಗಿಯೆಂದು ಕರೆದು ತವರಿನ ಸುದ್ದಿ ಕೇಳುವ, ನನಗೆ ತುಂಬಾ ಇಷ್ಟವಾಗಿದ್ದ ಪದ. ಕೆಳಗಿನ ಅಡಿಟಿಪ್ಪಣಿಯಲ್ಲಿ ಒಂದು ಜಾಲತಾಣದ ವಿಳಾಸ. ವಿಳಾಸ ಬಿಟ್ಟರೆ ಮತ್ತೇನೂ ಇಲ್ಲ.

“ಚೆನ್ನಾಗಿದೆಯಲ್ಲಮ್ಮ ಪದ. ಪೂರ್ತಿ ಓದೋಣ,” ಎಂದು ಅವರು ಮೊಬೈಲ್ ತೆಗೆದು ಒಂದೊಂದೇ ಅಕ್ಷರ ನೋಡಿಕೊಂಡು ವಿಳಾಸ ಒತ್ತಿದರು. ಸ್ವಲ್ಪ ಹೊತ್ತು ಏನನ್ನೋ ಓದಿದರು. ಕನ್ನಡಕ ಮೇಲೇರಿಸಿ ಮತ್ತೆ ಓದಿದರು. ಆಮೇಲೆ ಮೊಬೈಲನ್ನು ನನ್ನ ಕಡೆ ತಿರುಗಿಸಿ, “ಇದು ಯಾವ ಜಾನಪದ ಪ್ರಕಾರ?” ಎಂದರು. ಇಸ್ಪೀಟಿನ ರಾಜ, ರಾಣಿ, ಗುಲಾಮ ಬಣ್ಣಬಣ್ಣವಾಗಿ ಕುಣಿಯುತ್ತಿದ್ದರು. ಆನ್‌ಲೈನ್ ರಮ್ಮಿ. ಹೊಸದಾಗಿ ಸೇರಿದವರಿಗೆ ಸ್ವಾಗತದ ಬೋನಸ್ ಬೇರೆ.

ನನ್ನ ಮಾರ್ಗದರ್ಶಕರಿಗೆ ಆ ಗಳಿಗೆಯಲ್ಲೇ ಕೆಮ್ಮು ಬಂತು. ಹಿಂದಿನ ಸಾಲಿನಲ್ಲಿದ್ದ ನನ್ನ ಗಂಡ ಮಾತ್ರ ಬಾಯಿಬಿಟ್ಟು ನಕ್ಕರು. ಪದವಿ ಬಂತು, ಶಾಲು ಹೊದಿಸಿದ್ದೂ ಆಯಿತು, ಉಪ್ಪಿಟ್ಟೂ ಖಾಲಿಯಾಯಿತು. ಆದರೆ ನಮ್ಮ ಬಳಗದಲ್ಲಿ ನನ್ನದು ಇವತ್ತಿಗೂ ರಮ್ಮಿ ಪಿಎಚ್‌.ಡಿ.

ಆಗಿದ್ದು ಇಷ್ಟೆ. ಆ ಜಾಲತಾಣ ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅರಸೀಕೆರೆ ಕಡೆಯ ಊರುಗಳಲ್ಲಿ ಸೈಕಲ್ಲಿನಲ್ಲಿ ತಿರುಗಿ, ಅಜ್ಜಿಯರ ಮುಂದೆ ಕೂತು ಪದ ಬರೆದುಕೊಂಡು, ಯಾರದೋ ಮಗನ ಕೈಯಲ್ಲಿ ಜಾಲಕ್ಕೆ ಹಾಕಿಸಿದ್ದರು. ಮೇಷ್ಟ್ರು ತೀರಿಕೊಂಡರು. ವರ್ಷವರ್ಷ ಕಟ್ಟಬೇಕಾದ ದುಡ್ಡನ್ನು ಕಟ್ಟುವವರಿಲ್ಲ. ಹೆಸರು ಖಾಲಿ ಬಿತ್ತು, ರಮ್ಮಿಯವರು ಎತ್ತಿಕೊಂಡರು. ಬೆಂಗಳೂರಿನಲ್ಲಿ ಸೈಟು ಎಂದರೆ ಮೂವತ್ತು-ನಲವತ್ತು, ಮಕ್ಕಳ ಕಾಲಕ್ಕೂ ಇರುತ್ತದೆ. ಅಂತರ್ಜಾಲದ ಸೈಟು ಹಾಗಲ್ಲ, ಬಾಡಿಗೆ ಮನೆ. ಬಾಡಿಗೆ ನಿಂತ ದಿನ ಪಾತ್ರೆ-ಪಗಡೆ ಬೀದಿಗೆ. ಮನೆ ಪಾಳು ಬಿದ್ದರೆ ಒಂದು ಥರ, ಬಾಗಿಲು ತಟ್ಟಿದವರಿಗೆ ಯಾರೂ ಇಲ್ಲವೆಂದು ಗೊತ್ತಾಗುತ್ತದೆ. ಬೇರೆಯವರು ಒಕ್ಕಲು ಬಂದು, ಹಳೆಯ ಬೋರ್ಡಿನ ಕೆಳಗೆ ಕೂತು ಬನ್ನಿ ಬನ್ನಿ ಎಂದರೆ ಮಾತ್ರ ಫಜೀತಿ.

ನನ್ನೊಬ್ಬಳ ಕಥೆಯಲ್ಲ ಇದು ಎಂದು ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಅಮೆರಿಕದ ಹಾರ್ವರ್ಡ್‌ನಲ್ಲಿ ಜೊನಾಥನ್ ಝಿಟ್ರೇನ್ ಮತ್ತು ಜೊತೆಗಾರರು 2014ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅಲ್ಲಿಯ ಕಾನೂನು ನಿಯತಕಾಲಿಕಗಳ ಲೇಖನಗಳಲ್ಲಿ ಕೊಟ್ಟಿದ್ದ ಕೊಂಡಿಗಳಲ್ಲಿ ಶೇಕಡಾ 70ಕ್ಕಿಂತ ಹೆಚ್ಚು, ಅವರ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿದ್ದ ಕೊಂಡಿಗಳಲ್ಲಿ ಶೇಕಡಾ 50, ಬರೆದವರು ತೋರಿಸಲು ಹೊರಟದ್ದನ್ನು ತೋರಿಸುತ್ತಿರಲಿಲ್ಲ. ಪ್ಯೂ ಸಂಶೋಧನಾ ಕೇಂದ್ರದವರು 2024ರಲ್ಲಿ ಹೇಳಿದ ಲೆಕ್ಕವೂ ಹೆಚ್ಚುಕಡಿಮೆ ಇದೇ ದಾರಿಯದು: 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38, ಹತ್ತು ವರ್ಷ ಕಳೆಯುವುದರೊಳಗೆ ಇಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಿಗೇ ಹೀಗಾದರೆ ಬೀಸುವ ಕಲ್ಲಿನ ನನಗೇನು?

ಕನ್ನಡದಲ್ಲಿ ಪುಸ್ತಕದ ಕೊನೆಯ ಪಟ್ಟಿಗೆ ಗ್ರಂಥಋಣ ಎನ್ನುವುದುಂಟು. ಈಗೀಗ ‘ಪರಾಮರ್ಶನ ಗ್ರಂಥಗಳು’, ‘ಆಕರಸೂಚಿ’ ಎಂದೆಲ್ಲ ಬಿಗಿಯಾಗಿ ಬರೆಯುತ್ತಾರೆ. ನನಗೆ ಹಳೆಯದೇ ಇಷ್ಟ. ಅದು ಪಟ್ಟಿಯಲ್ಲ, ಸಾಲದ ಪುಸ್ತಕ. ಶೆಟ್ಟರ ಅಂಗಡಿಯ ಲೆಕ್ಕದಲ್ಲಿ ಮೊದಲು ಆಸಾಮಿಯ ಹೆಸರು, ಆಮೇಲೆ ತಂದದ್ದು ಏನು, ಯಾವ ತಾರೀಕು. ಮನೆ ಎಲ್ಲಿ ಅನ್ನುವುದು ಕೊನೆಯ ಮಾತು, ಅದೂ ಒಂದೇ ಹೆಸರಿನವರು ಇಬ್ಬರಿದ್ದರೆ. ನಾನು ಮಾಡಿದ ತಪ್ಪು ಗೊತ್ತಾಯಿತೆ? ಆಸಾಮಿಯ ಹೆಸರು ಬಿಟ್ಟು ಮನೆಯ ವಿಳಾಸ ಮಾತ್ರ ಬರೆದುಕೊಂಡೆ. ವಿಳಾಸ ಉದ್ದವಾಗಿತ್ತು, ಇಂಗ್ಲಿಷಿನಲ್ಲಿತ್ತು, ನೀಲಿ ಬಣ್ಣದಲ್ಲಿತ್ತು, ಕೆಳಗೆ ಗೆರೆ ಬೇರೆ ಇತ್ತು. ನೋಡುವುದಕ್ಕೆ ಬಹಳ ಶಾಸ್ತ್ರೀಯವಾಗಿತ್ತು.

ವಿಳಾಸ ಬೇರೆ, ಹೆಸರು ಬೇರೆ ಎನ್ನುವುದು ನಮ್ಮ ಶಾಸನಗಳನ್ನು ಓದುವವರಿಗೆ ಗೊತ್ತಿಲ್ಲದ್ದೇನಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಕಲ್ಲು ಬೇಲೂರು ತಾಲ್ಲೂಕಿನ ಹಲ್ಮಿಡಿಯದು. ಕಲ್ಲು ಈಗ ಇರುವುದು ಮೈಸೂರಿನಲ್ಲಿ, ಊರಿನಲ್ಲಿ ನಿಂತಿರುವುದು ಅದರ ಪ್ರತಿಕೃತಿ. ಆದರೂ ಅದು ಹಲ್ಮಿಡಿ ಶಾಸನವೇ. ಕಲ್ಲು ಊರು ಬಿಟ್ಟರೂ ಹೆಸರು ಬಿಡಲಿಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಮುಂದೊಂದು ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದವರು ಎಷ್ಟೋ ವರ್ಷಗಳ ಮೇಲೆ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ರೈಸರ ಸಂಖ್ಯೆ ಹಿಡಿದು ಲೇಖನ ಬರೆದವರ ಗತಿಯೇನು? ಹೊಸ ಸಂಖ್ಯೆಯ ಜೊತೆಗೇ ಹಳೆಯದನ್ನೂ ಕಂಸದಲ್ಲಿ ಅಚ್ಚು ಹಾಕಿಬಿಟ್ಟರು. ಹಳೆ ಬಾಗಿಲು ತಟ್ಟಿದವನನ್ನು ಕೈಹಿಡಿದು ಹೊಸ ಬಾಗಿಲಿಗೆ ಬಿಟ್ಟು ಬರುವ ವ್ಯವಸ್ಥೆ. ಕಂಪ್ಯೂಟರಿನವರು ಇದನ್ನೇ ದೊಡ್ಡ ವಿದ್ಯೆ ಎಂಬಂತೆ ಹೇಳುವಾಗ ನನಗೆ ಆ ಕಂಸಗಳ ನೆನಪಾಗುತ್ತದೆ.

ಅವರಲ್ಲೂ ಅಂಥ ವ್ಯವಸ್ಥೆ ಬಂದಿದೆ. ಡಿ.ಒ.ಐ. ಎನ್ನುತ್ತಾರೆ. 10 ಎಂದು ಶುರುವಾಗುವ ಒಂದು ಗುರುತು, 2000ದ ಸುಮಾರಿನಿಂದ ಬಳಕೆಯಲ್ಲಿದೆ. ಅದು ಲೇಖನದ ವಿಳಾಸವಲ್ಲ, ಹೆಸರು. ಪ್ರಕಾಶಕರು ಮನೆ ಬದಲಿಸಿದರೆ ಹೊಸ ವಿಳಾಸವನ್ನು ದಾಖಲೆ ಕಚೇರಿಗೆ ತಿಳಿಸಬೇಕು. ಓದುಗ ಹಳೆಯ ಗುರುತನ್ನೇ ಒತ್ತಿದರೂ ಹೊಸ ಮನೆಗೆ ಹೋಗುತ್ತಾನೆ. ಹಾಗಾಗಿ ಡಿ.ಒ.ಐ. ಇದ್ದರೆ ಮಾರುದ್ದದ ಕೊಂಡಿ ಬಿಟ್ಟು ಅದನ್ನೇ ಕೊಡಿ ಎಂದು ಉಲ್ಲೇಖ ಪದ್ಧತಿಯ ಹೆಸರಾದ ಕೈಪಿಡಿಗಳು ಹೇಳುತ್ತವೆ. ನಮ್ಮ ಕನ್ನಡದ ಬಹುಪಾಲು ಪತ್ರಿಕೆಗಳಿಗೆ ಈ ಭಾಗ್ಯವಿಲ್ಲ. ಇಲ್ಲದವರು ಏನು ಮಾಡಬೇಕು ಅನ್ನುವುದನ್ನು ನಾನು ಕ್ಲಾಸಿನಲ್ಲಿ ಅತ್ತೆಯ ಲೆಕ್ಕದಲ್ಲೇ ಹೇಳಿಕೊಡುತ್ತೇನೆ. ಯಾರು ಬರೆದದ್ದು, ಏನು ಬರೆದದ್ದು, ಯಾವ ತಾಣದಲ್ಲಿ, ಯಾವತ್ತು ಹಾಕಿದ್ದು, ನಾನು ಯಾವತ್ತು ನೋಡಿದ್ದು. ಇಷ್ಟೂ ಆದ ಮೇಲೆ ಕೊಂಡಿ. ಕೊಂಡಿಯ ತುದಿಗೆ ಪೂರ್ಣವಿರಾಮ ಇಡಬೇಡಿ, ಚುಕ್ಕೆಯೂ ವಿಳಾಸದೊಳಗೆ ಸೇರಿಕೊಂಡು ದಾರಿ ತಪ್ಪಿಸುತ್ತದೆ. ತಾರೀಕೇ ಇಲ್ಲದ ಪುಟವಾದರೆ ‘ದಿನಾಂಕವಿಲ್ಲ’ ಎಂದು ಬರೆಯಿರಿ, ಅಂದಾಜಿನಲ್ಲಿ ಒಂದು ವರ್ಷ ಅಂಟಿಸಬೇಡಿ.

ನೋಡಿದ ತಾರೀಕಿನ ವಿಷಯದಲ್ಲಿ ಶಾಸ್ತ್ರಕಾರರಲ್ಲೇ ಒಮ್ಮತವಿಲ್ಲ. ಎಂ.ಎಲ್.ಎ. ಎಂಬ ಉಲ್ಲೇಖ ಪದ್ಧತಿಯವರು ಬೇಕಾದರೆ ಹಾಕಿ ಎನ್ನುತ್ತಾರೆ. ಎ.ಪಿ.ಎ. ಎಂಬ ಇನ್ನೊಂದು ಪದ್ಧತಿಯವರು ಬದಲಾಗುತ್ತಲೇ ಇರುವ ಪುಟಗಳಿಗೆ ಮಾತ್ರ ಸಾಕು ಎನ್ನುತ್ತಾರೆ. (ಎಂ.ಎಲ್.ಎ. ಎಂದ ಕೂಡಲೇ ನನ್ನ ವಿದ್ಯಾರ್ಥಿಗಳು ಯಾವ ಕ್ಷೇತ್ರ ಎಂದು ಕೇಳುತ್ತಾರೆ. ಪ್ರತಿ ವರ್ಷವೂ ಒಬ್ಬನಾದರೂ ಕೇಳುತ್ತಾನೆ, ಪ್ರತಿ ವರ್ಷವೂ ಎಲ್ಲರೂ ನಗುತ್ತಾರೆ.) ನನ್ನ ಮಟ್ಟಿಗೆ ಬದಲಾಗದ ಪುಟವೇ ಇಲ್ಲ. ಬೆಳಿಗ್ಗೆ ನೋಡಿದ ಸುದ್ದಿಯ ತಲೆಬರಹ ಸಂಜೆಗೆ ಬೇರೆ ಇರುತ್ತದೆ. ಹಾಗಾಗಿ ತಾರೀಕು ಎಲ್ಲದಕ್ಕೂ ಹಾಕಿ ಎನ್ನುತ್ತೇನೆ. ನಾನು ಹೋದಾಗ ಆ ಮನೆಯಲ್ಲಿ ಮೇಷ್ಟ್ರೇ ಇದ್ದರು ಎಂದು ಹೇಳುವುದಕ್ಕೆ ಅದೊಂದೇ ಸಾಕ್ಷಿ. 2013ರ ಒಂದು ತಾರೀಕು ನನ್ನ ಅಡಿಟಿಪ್ಪಣಿಯಲ್ಲಿದ್ದಿದ್ದರೆ ಪರೀಕ್ಷಕರ ಪ್ರಶ್ನೆಗೆ ಉತ್ತರವಿರುತ್ತಿತ್ತು. ವಿಕಿಪೀಡಿಯಕ್ಕೆ ಒಂದು ಸುಲಭ ಉಪಾಯವಿದೆ. ಪುಟದ ಇತಿಹಾಸಕ್ಕೆ ಹೋದರೆ ಯಾವ ದಿನ ಯಾವ ರೂಪದಲ್ಲಿತ್ತೋ ಆ ರೂಪಕ್ಕೇ ಪ್ರತ್ಯೇಕ ಕೊಂಡಿ ಸಿಗುತ್ತದೆ. ಅದನ್ನು ಕೊಟ್ಟರೆ ಆಮೇಲೆ ಯಾರು ಎಷ್ಟು ತಿದ್ದಿದರೂ ನೀವು ಓದಿದ್ದು ನೀವು ಓದಿದ್ದೇ.

ಇನ್ನು ಹೆಸರಿನ ಪಾಡು. ಈ ಪದ್ಧತಿಗಳೆಲ್ಲ ಕುಲನಾಮ ಮೊದಲು ಬರಲಿ ಎನ್ನುತ್ತವೆ. ನಮ್ಮಲ್ಲಿ ಅರ್ಧ ಜನಕ್ಕೆ ಕುಲನಾಮವೇ ಇಲ್ಲ, ಊರು ಮತ್ತು ಅಪ್ಪನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ನಿಯಮ ಪಾಲಿಸುವ ಒಬ್ಬ ಹುಡುಗಿ ಮಾಸ್ತಿಯವರನ್ನು ‘ಅಯ್ಯಂಗಾರ್, ಎಂ.ವಿ.’ ಎಂದು ಬರೆದುಕೊಂಡು ಬಂದಳು. ಅ ಅಕ್ಷರದ ಕೆಳಗೆ ಮಾಸ್ತಿಯವರನ್ನು ಯಾರು ಹುಡುಕುತ್ತಾರೆ? ಕುವೆಂಪು ‘ಪುಟ್ಟಪ್ಪ, ಕೆ.ವಿ.’ ಆಗಿ ಪ ಅಕ್ಷರದಲ್ಲಿ ಕೂತಿದ್ದರು. ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಆ ಹೆಸರನ್ನೇ ಮೊದಲು ಹಾಕು ತಾಯಿ, ನಿಯಮ ನಮಗಾಗಿ ಇರುವುದು ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಕನ್ನಡದ ಕೊಂಡಿಯದು ಇನ್ನೊಂದು ಗೋಳು. ಪರದೆಯ ಮೇಲೆ ಮುದ್ದಾಗಿ ‘ಕನ್ನಡ’ ಎಂದಿರುವ ವಿಳಾಸವನ್ನು ನಕಲು ಮಾಡಿ ಪ್ರಬಂಧದಲ್ಲಿ ಅಂಟಿಸಿ ನೋಡಿ. %E0%B2%95 ಎಂದು ಶುರುವಾಗಿ ಸಾಲು ಮುಗಿದರೂ ಮುಗಿಯುವುದಿಲ್ಲ. ಮೇಲೆ ಬರೆದದ್ದು ‘ಕ’ ಒಂದೇ. ಯುನಿಕೋಡ್‌ನಲ್ಲಿ ಜಾಲದವರು ಬಳಸುವ ರೂಪದಂತೆ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟ್, ವಿಳಾಸದೊಳಗೆ ಒಂದೊಂದು ಬೈಟಿಗೂ ಮೂರು ಚಿಹ್ನೆ. ‘ಕನ್ನಡ’ ಎಂಬ ಮೂರಕ್ಷರದಲ್ಲಿ ಒತ್ತಕ್ಷರ ಬಿಡಿಸಿದರೆ ಐದು ಸಂಕೇತ, ಅಲ್ಲಿಗೆ 45 ಚಿಹ್ನೆ. ‘ಪರಾಮರ್ಶನ’ ಎಂಬ ಪದವಿರುವ ವಿಳಾಸವನ್ನು ಅಂಟಿಸಿದ ವಿದ್ಯಾರ್ಥಿಯ ಪುಟವನ್ನು ನೋಡಿ ಟೈಪಿಂಗ್ ಅಂಗಡಿಯವನು ವೈರಸ್ ಬಂದಿದೆ ಎಂದು ಅಳಿಸಿಬಿಟ್ಟಿದ್ದ. ಅವನದೇನೂ ತಪ್ಪಿಲ್ಲ. ವಿಕಿಪೀಡಿಯದಂಥ ತಾಣವಾದರೆ ಆ ಪುಟದ ಚಿಕ್ಕ ಕೊಂಡಿ ಸಿಗುತ್ತದೆ, ಅದನ್ನು ಬಳಸಬಹುದು. ಬೇರೆಡೆ ವಿಳಾಸವನ್ನು ಕನ್ನಡ ಅಕ್ಷರಗಳಲ್ಲೇ ಟೈಪ್ ಮಾಡಿದರೂ ಬ್ರೌಸರಿಗೆ ಅರ್ಥವಾಗುತ್ತದೆ, ಮನುಷ್ಯರಿಗೂ ಆಗುತ್ತದೆ.

ವಿಡಿಯೊ ಬಂದರೆ ನಾನು ಎ.ಪಿ.ಎ.ಯವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಯೂಟ್ಯೂಬ್‌ನ ವಿಡಿಯೊಗೆ ಅದನ್ನು ಏರಿಸಿದವರನ್ನೇ ಕರ್ತೃವಿನ ಜಾಗದಲ್ಲಿ ಹಾಕಿ ಎನ್ನುತ್ತದೆ ಅವರ ಕೈಪಿಡಿ. ಅವರಿಗೂ ಕಾರಣವಿದೆ, ಹುಡುಕುವವರಿಗೆ ಆ ಖಾತೆಯಿಂದಲೇ ವಿಡಿಯೊ ಸಿಗುವುದು. ಆದರೆ ನಮ್ಮ ಕಡೆ ಏನಾಗುತ್ತದೆ? ಮದುವೆಮನೆಯಲ್ಲಿ ಅಜ್ಜಿಯೊಬ್ಬಳು ಸೋಬಾನೆ ಹೇಳುತ್ತಾಳೆ, ಮದುವೆಗೆ ಬಂದ ಹುಡುಗನೊಬ್ಬ ಮೊಬೈಲಿನಲ್ಲಿ ಹಿಡಿದು ‘ಮಾಸ್ ಬಾಯ್’ ಎಂಬ ಹೆಸರಿನ ಖಾತೆಗೆ ಏರಿಸುತ್ತಾನೆ. ನಿಯಮದ ಪ್ರಕಾರ ಸೋಬಾನೆ ಪದದ ಕರ್ತೃ ಮಾಸ್ ಬಾಯ್. ಎಂ.ಎಲ್.ಎ.ಯವರು ಇಲ್ಲಿ ಸ್ವಲ್ಪ ವಾಸಿ. ನಿಮ್ಮ ಬರಹ ಯಾರ ಬಗ್ಗೆಯೋ ಅವರ ಹೆಸರಿನಿಂದಲೇ ಶುರು ಮಾಡಲು ಬಿಡುತ್ತಾರೆ. ನಾನು ಹಾಡಿದವರ ಹೆಸರು, ಊರು ಮೊದಲು, ಏರಿಸಿದವರ ಹೆಸರು ಆಮೇಲೆ, ಎಷ್ಟನೇ ನಿಮಿಷದಲ್ಲಿ ಅನ್ನುವುದು ಕೊನೆಗೆ ಎಂದು ಹೇಳಿಕೊಡುತ್ತೇನೆ. ಅಂಕ ಕಡಿಮೆ ಬಂದರೆ ನನ್ನ ಹೆಸರು ಹೇಳಿ ಎನ್ನುತ್ತೇನೆ.

ಒಂದೆರಡು ವರ್ಷದಿಂದ ಹೊಸ ಕಾಯಿಲೆ ಶುರುವಾಗಿದೆ. ಗ್ರಂಥಋಣದ ಪಟ್ಟಿಗಳು ಇದ್ದಕ್ಕಿದ್ದಂತೆ ಅಚ್ಚುಕಟ್ಟಾಗಿಬಿಟ್ಟಿವೆ. ಹೆಸರು, ವರ್ಷ, ಓರೆ ಅಕ್ಷರದಲ್ಲಿ ಶೀರ್ಷಿಕೆ, ಪ್ರಕಾಶಕರು, ಅಲ್ಪವಿರಾಮ ಸಹ ತಪ್ಪಿಲ್ಲ. ಖುಷಿಯಾಗಿ ಒಂದು ಪುಸ್ತಕವನ್ನು ಲೈಬ್ರರಿಯಲ್ಲಿ ಹುಡುಕಿದೆ. ಇಲ್ಲ. ಪರಿಚಯದ ಪುಸ್ತಕದಂಗಡಿಯವರನ್ನು ಕೇಳಿದೆ. ಲೇಖಕರು ನಿಜವಾದವರೇ, ಅವರು ಆ ಪುಸ್ತಕ ಬರೆದಿಲ್ಲ. ಕೃತಕ ಬುದ್ಧಿಮತ್ತೆಯನ್ನು ಕೇಳಿ ಬರೆಸಿಕೊಂಡ ಪಟ್ಟಿ. ಈ ಯಂತ್ರ ಅಮೆರಿಕದ ವಕೀಲರಿಗೂ ಇದೇ ಆಟ ಆಡಿಸಿತ್ತು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ನಡೆದೇ ಇಲ್ಲದ ಮೊಕದ್ದಮೆಗಳನ್ನು ಉಲ್ಲೇಖಿಸಿದ್ದಕ್ಕೆ 5,000 ಡಾಲರ್ ದಂಡ ಬಿತ್ತು. ನಮ್ಮ ಅತ್ತೆ ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿ ನೋಡಿದೆ. “ಇಲ್ಲದ ರಾಜಮ್ಮನ ಹುಟ್ಟಿಸ್ಕೊಂಡು ಸುದ್ದಿ ಹೇಳ್ದಂಗಾಯ್ತು,” ಎಂದರು.

ಹೆಸರಿದೆ, ಪುಸ್ತಕವಿಲ್ಲ ಎನ್ನುವ ಸ್ಥಿತಿ ಕನ್ನಡಕ್ಕೆ ಹೊಸದಲ್ಲ ಎನ್ನುವುದೂ ನಿಜ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಗದ್ಯದಲ್ಲಿ ಹೆಸರಾದವರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೇಳುತ್ತದೆ. ಅವರು ಬರೆದ ಒಂದು ಕನ್ನಡ ಪುಸ್ತಕವೂ ನಮಗೆ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳದು ಇನ್ನೊಂದು ಬಗೆ. ಕಾವ್ಯ ಹೋಗಿದೆ, ಬೇರೆಯವರು ಉದಾಹರಣೆಗೆಂದು ಎತ್ತಿಕೊಂಡ ಬಿಡಿ ಪದ್ಯಗಳು ಉಳಿದಿವೆ. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ತನಗೆ ಲಕ್ಷ್ಯವಾದ ಕವಿಗಳ ಹೆಸರನ್ನು ಗೌರವದಿಂದ ಹೇಳುತ್ತಾನೆ. ಆದರೆ ಸೂತ್ರಗಳ ಕೆಳಗೆ ಕೊಡುವ ಪ್ರಯೋಗಗಳಲ್ಲಿ ಯಾವುದು ಯಾರದೆಂದು ಹೇಳುವುದಿಲ್ಲ. ಅವನ ಕಾಲದವರಿಗೆ ಗೊತ್ತಿತ್ತು, ಹೇಳುವ ಅಗತ್ಯವಿರಲಿಲ್ಲ. ಆ ಸಾಲುಗಳನ್ನು ಅವರವರ ಮನೆಗೆ ಸೇರಿಸುವುದರಲ್ಲಿ ನಮ್ಮ ಎಷ್ಟೋ ವಿದ್ವಾಂಸರ ಆಯುಷ್ಯ ಸವೆದಿದೆ. ಕೇಶಿರಾಜನಿಗೆ ಒಂದು ಅಡಿಟಿಪ್ಪಣಿ ಹಾಕಲು ತಾಳೆಗರಿಯಲ್ಲಿ ಜಾಗವಿರಲಿಲ್ಲ ಎಂದು ಬಿಡೋಣ. ನನಗೆ ಎ4 ಹಾಳೆಯ ಕೆಳಗೆ ಎರಡಿಂಚು ಜಾಗವಿತ್ತು.

ಈಗಿನ ಮಕ್ಕಳಿಗೆ ಋಣದ ಹೆದರಿಕೆಗಿಂತ ಪರ್ಸೆಂಟಿನ ಹೆದರಿಕೆ ದೊಡ್ಡದು. ಕೃತಿಚೌರ್ಯ ತಡೆಯುವ 2018ರ ಯುಜಿಸಿ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಬ್ಬ ಸಂಶೋಧಕ ನನ್ನ ಹತ್ತಿರ ಬಂದು, “ಎಂಟು ಬಂದಿದೆ ಮೇಡಂ, ಇನ್ನೂ ಎರಡು ಪರ್ಸೆಂಟ್ ತಗೋಬಹುದು,” ಎಂದ. ಲೇವಾದೇವಿಯವರ ಹತ್ತಿರ ಹೋಗಬೇಕಾದವನು ತಪ್ಪಿ ಇಲ್ಲಿಗೆ ಬಂದಿದ್ದ.

ರಮ್ಮಿ ಪ್ರಸಂಗದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮಹಾಪ್ರಬಂಧದಲ್ಲಿದ್ದ 41 ಕೊಂಡಿಗಳನ್ನೂ ಒಂದು ಭಾನುವಾರ ಕೂತು ಒತ್ತಿ ನೋಡಿದೆ. 17 ಕೊಂಡಿಗಳಲ್ಲಿ ನಾನು ಓದಿದ್ದು ಇರಲಿಲ್ಲ. ಅಮೆರಿಕದ ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯಿದೆ. ಅದರ ವೇಬ್ಯಾಕ್ ಮಷೀನ್ 2001ರಿಂದ ಎಲ್ಲರಿಗೂ ತೆರೆದಿದೆ. ಹಳೆಯ ಜಾಲಪುಟಗಳು ಯಾವ ದಿನ ಹೇಗಿದ್ದವು ಎಂದು ಪಟ ಹಿಡಿದಿಟ್ಟ ಹಾಗೆ ಇಡುತ್ತದೆ. ನಾವೇ ವಿಳಾಸ ಕೊಟ್ಟು ಇದನ್ನೂ ಉಳಿಸು ಎಂದು ಹೇಳಬಹುದು, ದುಡ್ಡು ಕೇಳುವುದಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಒಂದು ಪುಟವನ್ನು ಉಲ್ಲೇಖಿಸುವ ದಿನವೇ ಅದನ್ನು ಅಲ್ಲಿ ಉಳಿಸಿ, ಆ ಕೊಂಡಿಯನ್ನೂ ಕೊಡಬೇಕು. ಜೊತೆಗೆ ಒಂದು ಪ್ರಿಂಟ್ ತೆಗೆದು ಕಡತದಲ್ಲಿ ಇಟ್ಟುಕೊಳ್ಳಬೇಕು. ಕಡತ ಯಾಕೆ ಮೇಡಂ, ಆರ್ಕೈವ್ ಇದೆಯಲ್ಲ ಎಂದು ವಾದಿಸಿದವರಿಗೆ 2024ರ ಅಕ್ಟೋಬರ್ ಉತ್ತರ ಕೊಟ್ಟಿತು. ಆರ್ಕೈವ್ ಮೇಲೆಯೇ ಯಾರೋ ದಾಳಿ ಮಾಡಿ, ಅದು ಹಲವು ದಿನ ಬಾಗಿಲು ಮುಚ್ಚಬೇಕಾಯಿತು.

ನನ್ನ 17ರಲ್ಲಿ 16ಕ್ಕೆ ಹಳೆಯ ರೂಪವೋ ಹೊಸ ವಿಳಾಸವೋ ಒಂದಲ್ಲ ಒಂದು ಕಡೆ ಸಿಕ್ಕಿತು. ಉಳಿದದ್ದು ಮೇಷ್ಟ್ರ ತಾಣ. ಆರ್ಕೈವ್‌ನಲ್ಲಿ ಅದರ ಮುಖಪುಟ ಮಾತ್ರ ಇದೆ, ಅದೂ ಯುನಿಕೋಡ್‌ಗೆ ಮೊದಲಿನ ನುಡಿ ಅಕ್ಷರಶೈಲಿಯದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ, ಪೌಂಡಿನ ಗುರುತುಗಳ ರಾಶಿಯಾಗಿ ಕಂಡಿತು. ಪರಿವರ್ತಕಕ್ಕೆ ಹಾಕಿದೆ. ಅಕ್ಷರಗಳು ಒಂದೊಂದಾಗಿ ಕನ್ನಡವಾಗಿ ಎದ್ದು ಬಂದವು. ಸ್ವಾಗತ. ಬೀಸುವ ಪದಗಳು. ಸೋಬಾನೆ ಪದಗಳು. ಹಾಡಿದವರು. ಇಲ್ಲಿಗೆ ಭೇಟಿ ಕೊಟ್ಟವರು: 412. ಅದರಲ್ಲಿ ಮೂವತ್ತು-ನಲವತ್ತು ಸಲ ಬಂದವಳು ನಾನೇ ಇರಬೇಕು.

‘ಹಾಡಿದವರು’ ಎಂಬುದನ್ನು ಒತ್ತಿದೆ. ಪುಟ ಇಲ್ಲ.

ಆ ಪುಟ ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರು ಒಂದೊಂದು ಪದದ ಮುಂದೂ ಹಾಡಿದವರ ಹೆಸರು, ಊರು, ವಯಸ್ಸು, ಬರೆದುಕೊಂಡ ದಿನ ಎಲ್ಲ ಹಾಕಿದ್ದರು. ಅಚ್ಚುಕಟ್ಟಾಗಿ ಆಕರ ಕೊಟ್ಟವರು ಅವರು. ಅದನ್ನು ಅಲ್ಲೇ ಬಿಟ್ಟು ಬರಿ ಕೊಂಡಿ ಹೊತ್ತುಕೊಂಡು ಬಂದವಳು ನಾನು. ಬೇಕಾದಾಗ ಹೋಗಿ ನೋಡಿದರಾಯಿತು, ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ. ಅತ್ತೆಗೆ ಈ ಕಥೆ ಹೇಳಿದಾಗ ಅವರು ರಮ್ಮಿಗೆ ನಗಲಿಲ್ಲ. “ಪದ ಯಾರ್ದು?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. “ಹೆಸರು ಕೇಳ್ಕಳ್ದೆ ಅದ್ಯೆಂಗವ್ವ ಪದ ತಗಂಡ್ ಬಂದೆ?” ಎಂದು ಹೇಳಿ ಕೊಟ್ಟಿಗೆ ಕಡೆ ಹೋದರು.

ಕಾಲೇಜಿನ ಲೈಬ್ರರಿಯಲ್ಲಿರುವ ನನ್ನ ಮಹಾಪ್ರಬಂಧದ ಪ್ರತಿಯಲ್ಲಿ 16 ಕಡೆ ಹೊಸ ವಿಳಾಸಗಳನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಲೈಬ್ರೇರಿಯನ್ ಬಂದು, ಪುಸ್ತಕದ ಮೇಲೆ ಬರೆದರೆ ದಂಡ ಎಂದು ಬೋರ್ಡ್ ತೋರಿಸಿದರು. ಪುಸ್ತಕ ನನ್ನದೇ ಎಂದರೂ ಕೇಳಲಿಲ್ಲ, ಹತ್ತು ರೂಪಾಯಿ ಕಟ್ಟಿದೆ.

ಆ ಪದ ಹಾಡಿದವರು ಅರಸೀಕೆರೆ ಕಡೆಯ ಅಜ್ಜಿ. 2013ರ ಸುಮಾರಿಗೆ ಎಪ್ಪತ್ತು ದಾಟಿತ್ತೆಂದು ಮೇಷ್ಟ್ರು ಬರೆದಿದ್ದ ನೆನಪು. ಆ ತಾಣದಿಂದ ಯಾರಾದರೂ ಆ ಪುಟವನ್ನು ಪ್ರಿಂಟ್ ತೆಗೆದೋ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೋ ಇಟ್ಟುಕೊಂಡಿದ್ದರೆ ದಯವಿಟ್ಟು ನನಗೊಂದು ಕಾರ್ಡು ಹಾಕಿ, ಅಜ್ಜಿಯ ಹೆಸರೊಂದು ತಿಳಿಸಿದರೆ ಸಾಕು. ಮಹಾಪ್ರಬಂಧದ 143ನೇ ಪುಟದ ಕೆಳಗೆ ಜಾಗ ಬಿಟ್ಟಿದ್ದೇನೆ.